ಕೈ ಎಲುಬು ಮುರದ್ರ ಪ್ಲಾಸ್ಟರ್ ಸಾಕೋ, ಆಪರೇಷನ್ ಬೇಕೋ? ಮೊದಲ ತಾಸಿನಿಂದ ಮುಷ್ಟಿ ಕಟ್ಟೋತನ

ವಾರದಾಗ ಎರಡ್ಮೂರು ಮಂದಿಯರ ಎಕ್ಸ್‌ರೇ ಫೋಟೋ ಹೊಡದು ವಾಟ್ಸಾಪ್‌ಗೆ ಕಳಸ್ತೀರಿ, ಕೆಳಗ ಒಂದ ಪ್ರಶ್ನಿ ಇರ್ತೈತಿ, "ಸರ್ ಇದಕ್ಕ ಪ್ಲಾಸ್ಟರ್ ಸಾಕಾಗ್ತೈತೇನ್ರಿ, ಇಲ್ಲಾ ಆಪರೇಷನ್ನ ಮಾಡಿಸ್ಬೇಕಾ?" ಫೋಟೋ ನೋಡಿ ನಾ ಹೇಳಾಕ ಬರಂಗಿಲ್ಲ, ಯಾಕ ಬರಂಗಿಲ್ಲ ಅನ್ನೋದು 3ನೇ ಹಂತದಾಗ ತಿಳಿತೈತಿ. ನಾ ಬಾಗಲಕೋಟಿಯಾಗ ಫಿಸಿಯೋಥೆರಪಿ ಮಾಡೋವ. ಎಲುಬು ಕೂಡಿಸೋದು ಆರ್ಥೋ ಡಾಕ್ಟರ ಕೆಲಸ, ಕೂಡಿದ ಮ್ಯಾಲೆ ಬೆರಳು ಆಡೋಹಂಗ ಮಾಡೋದು ನಮ್ಮ ಕೆಲಸ. ನಮ್ಮ ಕಡೆ ಬರೋ ಹೊತ್ತಿಗೆ ಭಾಳ ಮಂದೀದು ಎಲುಬು ಚೊಲೊ ಕೂಡಿರ್ತೈತಿ ಆದ್ರ ಮುಷ್ಟಿ ಕಟ್ಟಾಕ ಬರಂಗಿಲ್ಲ, ರೊಟ್ಟಿ ಬಡಿಯಾಕ ಬರಂಗಿಲ್ಲ, ಕುಡಗೋಲು ಹಿಡಿಯಾಕ ಬರಂಗಿಲ್ಲ. ಅಂದ್ರ ಕೈ ಮುರದಾಗ ಕೆಲಸ ಎರಡು ಅದಾವ, ಎಲುಬು ಸರಿ ಸಾಲಿನ್ಯಾಗ ಕೂಡ್ಬೇಕು, ಅದು ಕೂಡೋತನ ಗೆಣ್ಣು ಬಿಗಿಬಾರದು. ಮಂದಿ ಮೊದಲನೇದರ ಬಗ್ಗೆ ಅಷ್ಟ ಕೇಳ್ತಾರ, ಅದಕ ಎರಡೂ ಸೇರಿಸಿ ಬರದೀನಿ.

ಒಂದು ಕೈಯಾಗ, ಅಂದ್ರ ಮಣಿಕಟ್ಟಿನಿಂದ ಬೆರಳ ತುದಿತನ, 27 ಎಲುಬು ಇರ್ತಾವ. ಮಣಿಕಟ್ಟಿನ್ಯಾಗ ಸಣ್ಣ ಹರಳಿನಂಥವು 8, ಅಂಗೈಯಾಗ ಉದ್ದನ್ನವು 5, ಬೆರಳಿನ್ಯಾಗ 14 (ಹೆಬ್ಬೆರಳಿಗೆ 2, ಉಳಿದ ನಾಕಕ್ಕ ಮೂರ್ ಮೂರು). ಇದರಾಗ ಯಾವುದು ಮುರದೈತಿ, ಎಲ್ಲಿ ಮುರದೈತಿ, ಎಷ್ಟು ಸರದೈತಿ ಅನ್ನೋದರ ಮ್ಯಾಲೆ ಚಿಕಿತ್ಸೆ ಪೂರಾ ಬದಲಾಗ್ತೈತಿ. ಬಾಜೂ ಮನಿಯವರಿಗೆ ಪ್ಲಾಸ್ಟರಿನ್ಯಾಗ ಆರಾಮ ಆತು ಅಂತ ನಿಮಗೂ ಆಗಬೇಕಂತೇನಿಲ್ಲ.

1. ಮೊದಲ ತಾಸಿನ್ಯಾಗ ಮನ್ಯಾಗ ಏನ್ ಮಾಡ್ಬೇಕು

ಎಲ್ಲಾಕಿಂತ ಮೊದಲು ಉಂಗುರ, ಬಳಿ, ಕಡಗ, ವಾಚು, ಕೈಗೆ ಕಟ್ಟಿದ ದಾರ ತೆಗೀರಿ. ಬಾವು ಬಂದ ಮ್ಯಾಲೆ ಉಂಗುರ ಹೊರಗ ಬರಂಗಿಲ್ಲ, ರಕ್ತ ಓಡಾಡೋದು ನಿಂತು ಬೆರಳಿಗೇ ಅಪಾಯ ಆಗ್ತೈತಿ. ಬರದಿದ್ರ ಸೋಪಿನ ನೀರು ಹಚ್ಚಿ ನೋಡ್ರಿ, ಅದಕ್ಕೂ ಬರದಿದ್ರ ದವಾಖಾನ್ಯಾಗ ಕತ್ತರಿಸ್ತಾರ, ಬಂಗಾರದ್ದು ಅಂತ ಹಿಂದ ಮುಂದ ನೋಡ್ಬ್ಯಾಡ್ರಿ.

ಆಮ್ಯಾಲೆ ರಟ್ಟು ಇಲ್ಲಾ ದಪ್ಪ ಮಡಚಿದ ಪೇಪರ್ ಕೆಳಗಿಟ್ಟು ಅರಿಬಿಯಿಂದ ಸಡ್ಲಾಗಿ ಕಟ್ರಿ, ಕೈ ಎದಿ ಮಟ್ಟಕ್ಕಿಂತ ಮ್ಯಾಲೆ ಇರ್ಲಿ. ಐಸ್ ಇದ್ರ ಅರಿಬ್ಯಾಗ ಸುತ್ತಿ 15-20 ನಿಮಿಷ ಇಡ್ರಿ, ಸೀದಾ ಚರ್ಮದ ಮ್ಯಾಲೆ ಬ್ಯಾಡ.

ಮಾಡಬಾರದ್ದು: ಎಣ್ಣಿ ಹಚ್ಚಿ ತಿಕ್ಕೋದು, "ಸ್ವಲ್ಪ ಸರದೈತಿ ಜಗ್ಗಿದ್ರ ಕೂಡ್ತೈತಿ" ಅಂತ ಜಗ್ಗೋದು. ಮುರದ ತುದಿ ಒಳಗ ಚೂರಿ ಇದ್ದಂಗ ಇರ್ತೈತಿ, ತಿಕ್ಕಿದಷ್ಟು ಮೆತ್ತನ್ನ ಭಾಗ ಹರೀತೈತಿ. ಗಾಯ ಆಗಿದ್ರ ಸ್ವಚ್ಛ ನೀರು ಹಾಕಿ ತೊಳದು ಸ್ವಚ್ಛ ಅರಿಬಿ ಮುಚ್ರಿ, ಅರಿಶಿಣ, ಕಾಫಿ ಪುಡಿ, ಸುಣ್ಣ, ತಂಬಾಕ ಯಾವುದೂ ತುಂಬಬ್ಯಾಡ್ರಿ.

ಮೇವು ಕತ್ತರಿಸೋ ಮಷೀನ್, ಕಬ್ಬಿನ ಹಾಲಿನ ಗಾಣ, ಇಂಥಾದ್ದರಾಗ ಬೆರಳು ತುಂಡಾಗಿ ಬಿದ್ರ ತುಂಡು ಒಗೀಬ್ಯಾಡ್ರಿ. ಸ್ವಚ್ಛ ಅರಿಬಿ ನೀರಿನ್ಯಾಗ ಹಿಂಡಿ ಅದರಾಗ ಸುತ್ರಿ, ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಯಿ ಬಿಗೀರಿ, ಆ ಚೀಲಾನ ಐಸ್ ನೀರಿನ್ಯಾಗ ಇಡ್ರಿ. ತುಂಡು ಸೀದಾ ಐಸಿಗೆ ಹತ್ತಿದ್ರ ಕೆಡ್ತೈತಿ. 108ಕ್ಕ ಫೋನ್ ಮಾಡ್ರಿ, ಮೈಕ್ರೋಸರ್ಜರಿ (ಸಣ್ಣ ರಕ್ತನಾಳ ಹೊಲಿಯೋ ಆಪರೇಷನ್) ಎಲ್ಲಿ ಆಗ್ತೈತಿ ಅಂತ ಅಲ್ಲೇ ಕೇಳ್ರಿ, ತಾಸು ಕಳದಂಗ ಕೂಡೋ ಆಸೆ ಕಮ್ಮಿ ಆಗ್ತೈತಿ.

ಇವು ಇದ್ರ ಮುಂಜಾನಿತನ ಕಾಯೋಹಂಗಿಲ್ಲ, ರಾತ್ರೀನ ಹೋಗ್ರಿ: ಎಲುಬು ಹೊರಗ ಕಾಣಾಕತ್ತೈತಿ ಇಲ್ಲಾ ಮುರದ ಜಾಗಾದ ಮ್ಯಾಲೆ ಸಣ್ಣ ಗಾಯ ಐತಿ, ಬೆರಳು ಬೆಳ್ಳಗ ಇಲ್ಲಾ ನೀಲಿ ಆಗೈತಿ, ಜೋಮು ಹಿಡದೈತಿ, ಬೆರಳು ಎತ್ತಾಗರ ಸೊಟ್ಟ ತಿರಗೈತಿ. ಗಾಯ ಸಣ್ಣದಂದ್ರ ಎಲುಬಿಗೆ ಸೋಂಕು ಹತ್ತೂದಿಲ್ಲ ಅಂತಲ್ಲ. ಆ ಗಾಯಕ್ಕ ಒಳಗ ತೊಳಿಯೋದು, ಆಂಟಿಬಯೋಟಿಕ್, ಟಿಟಿ ಇಂಜೆಕ್ಷನ್ ಎಲ್ಲಾ ಬೇಕು.

2. ದವಾಖಾನಿ, ಎಕ್ಸ್‌ರೇ, ಮತ್ತ ಮಂದಿ ತಪ್ಪೋ ಜಾಗ

"ಬೆರಳು ಆಡಾಕತ್ತೈತಿ, ಹಂಗಾರ ಮುರದಿಲ್ಲ" ಅನ್ನೋ ಮಾತು ನಂಬಬ್ಯಾಡ್ರಿ. ಮುರದ ಬೆರಳೂ ಆಡ್ತಾವ. ಬಾವು, ಮುಟ್ಟಿದ್ರ ಒಂದ ಜಾಗಾದಾಗ ಚುಚ್ಚೋ ಬ್ಯಾನಿ, ಎರಡು ದಿನಕ್ಕ ಕಪ್ಪಗಾಗೋದು ಇದ್ರ ಎಕ್ಸ್‌ರೇ ಬೇಕು.

ಜಿಲ್ಲಾ ಆಸ್ಪತ್ರಿಯಾಗ ಆರ್ಥೋ ವಿಭಾಗ ಇರ್ತೈತಿ. ಬೆಳಗಾವಿಯಾಗ ಬಿಮ್ಸ್ ಮತ್ತ ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ, ವಿಜಯಪುರದಾಗ ಬಿಎಲ್‌ಡಿಇ ಅವರ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜ್ ಆಸ್ಪತ್ರೆ, ಬಾಗಲಕೋಟಿಯಾಗ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಎಚ್‌ಎಸ್‌ಕೆ ಆಸ್ಪತ್ರೆ, ಇವು ದೊಡ್ಡವು. ಸಣ್ಣ ಊರಾಗ ಆರ್ಥೋ ಡಾಕ್ಟರು ಸಿಕ್ರ ಅಲ್ಲೇ ತೋರಿಸ್ರಿ, ದೊಡ್ಡ ಊರಿಗೇ ಹೋಗ್ಬೇಕಂತಿಲ್ಲ.

ಎಕ್ಸ್‌ರೇ ಒಂದ ಬದಿಯಿಂದ ತಗದ್ರ ಸಾಕಾಗಂಗಿಲ್ಲ. ಎದುರಿಂದ, ಬಾಜೂದಿಂದ, ಓರೆಯಾಗಿ ಅಂತ ಮೂರು ಬೇಕು, ಬೆರಳು ಮುರದಿದ್ರ ಆ ಒಂದ ಬೆರಳಿಂದು ಬಾಜೂದಿಂದ ಬೇರೆ ತಗೀಬೇಕು, ಯಾಕಂದ್ರ ನಾಕೂ ಬೆರಳು ಒಂದರ ಮ್ಯಾಲೊಂದು ಬಿದ್ರ ಸೀಳು ಮುಚ್ಚಿಹೋಗ್ತೈತಿ.

ಈಗ ಮಣಿಕಟ್ಟಿನ ಒಂದು ಎಲುಬಿನ ಬಗ್ಗೆ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರ ಹರೇದ ಹುಡುಗರದು ಇಲ್ಲೇ ಕೆಡ್ತೈತಿ. ಅದರ ಹೆಸರು ಸ್ಕೇಫಾಯ್ಡ್, ಗೋಡಂಬಿ ಆಕಾರದ್ದು, ಹೆಬ್ಬೆರಳಿನ ಬುಡಕ್ಕ ಇರ್ತೈತಿ. ಬೈಕಿನಿಂದ ಬಿದ್ದಾಗ, ಕಬಡ್ಡಿ ಆಡುವಾಗ ಅಂಗೈ ಊರಿದ್ರ ಇದು ಮುರೀತೈತಿ. ಹೆಬ್ಬೆರಳು ಮ್ಯಾಲೆ ಎತ್ತಿ ನೋಡ್ರಿ, ಬುಡದಾಗ ಎರಡು ನರದಂಗ ಎದ್ದು ನಡುವ ಒಂದು ತಗ್ಗು ಬೀಳ್ತೈತಿ, ಆ ತಗ್ಗು ಒತ್ತಿದಾಗ ಬ್ಯಾನಿ ಆದ್ರ ಇದರ ಸಂಶಯ ಮಾಡ್ಬೇಕು. ತ್ರಾಸ ಏನಂದ್ರ ಮೊದಲ ದಿನದ ಎಕ್ಸ್‌ರೇದಾಗ ಇದು ಕಾಣದ ಇರಬಹುದು. "ನಾರ್ಮಲ್ ಐತಿ" ಅಂದ್ರಂತ ಮನಿಗೆ ಹೋಗಿ ಮರೀಬ್ಯಾಡ್ರಿ, ತಗ್ಗಿನ್ಯಾಗ ಬ್ಯಾನಿ ಇದ್ರ ಪಟ್ಟಿ ಹಾಕ್ಕೊಂಡು 10-14 ದಿನ ಬಿಟ್ಟು ಮತ್ತ ಎಕ್ಸ್‌ರೇ ತಗಸ್ರಿ, ಇಲ್ಲಾ ಡಾಕ್ಟರು ಎಂಆರ್‌ಐ, ಸಿಟಿ ಹೇಳಬಹುದು. ಈ ಎಲುಬಿಗೆ ರಕ್ತ ಬೆರಳಿನ ಕಡೆಗಿರೋ ಅದರ ತುದಿಯಿಂದ ಹಿಂದಕ ಹರೀತೈತಿ, ನಡುವ ಮುರದ್ರ ಹಿಂದಿನ ತುಂಡಿಗೆ ರಕ್ತ ಸಿಗದ ಅದು ಸಾಯಬಹುದು, ಕೂಡದ ಹಂಗ ಉಳದ್ರ ಕೆಲವು ವರ್ಷಕ್ಕ ಮಣಿಕಟ್ಟಿಗೆ ಸಂಧಿವಾತ ಬರ್ತೈತಿ. 20 ವರ್ಷದ ಹುಡುಗನ ಕೈ 35ಕ್ಕ ಮುದುಕರ ಕೈ ಆಗೋದು ನೋಡಿ ನನಗ ಭಾಳ ಸಂಕಟ ಆಗ್ತೈತಿ, ತಪ್ಪಿಸಬಹುದಾಗಿತ್ತಲ್ಲ ಅಂತ.

ಇನ್ನೊಂದು, ಗಾಡಿ ಆಕ್ಸಿಡೆಂಟ್ ಆಗಿದ್ರ ದವಾಖಾನ್ಯಾಗ ಖರೇನ ಹೇಳ್ರಿ. ಪೊಲೀಸ್ ತಾಪತ್ರಯ ಬ್ಯಾಡಂತ "ಬಚ್ಚಲದಾಗ ಬಿದ್ದೆ" ಅಂತ ಬರಸ್ತಾರ, ಆಮ್ಯಾಲೆ ಇನ್ಶೂರೆನ್ಸ್ ಕೇಳಾಕ ಹೋದಾಗ ಆ ಮೊದಲ ಚೀಟೀನ ಅಡ್ಡ ಬರ್ತೈತಿ.

3. ಬೆರಳು ತಿರಗೈತೇನು? ಇದನ್ನ ನೀವ ನೋಡ್ಕೋಬಹುದು

ಫೋಟೋ ನೋಡಿ ಹೇಳಾಕ ಬರಂಗಿಲ್ಲ ಅಂದಿದ್ದು ಇದಕ್ಕ. ನಿಮ್ಮ ಚೊಲೊ ಕೈಯಾಗ ಸಾವಕಾಶ ಮುಷ್ಟಿ ಕಟ್ಟಿ ನೋಡ್ರಿ, ನಾಕೂ ಬೆರಳಿನ ತುದಿ ಹೆಬ್ಬೆರಳಿನ ಬುಡದ ಕಡೆ ಮುಖ ಮಾಡ್ತಾವ. ಮುರದ ಕೈಯಾಗ, ಬ್ಯಾನಿ ತಡಕೊಳ್ಳೋವಷ್ಟ ಮಡಚಿದಾಗ, ಒಂದು ಬೆರಳು ಬಾಜೂದ್ದರ ಮ್ಯಾಲೆ ಹತ್ತಿದ್ರ ಇಲ್ಲಾ ಉಗುರು ಬ್ಯಾರೆ ಕಡೆ ವಾಲಿದ್ರ ಎಲುಬು ತನ್ನ ಅಕ್ಷದ ಮ್ಯಾಲೆ ತಿರಗೈತಿ ಅಂತ ಅರ್ಥ. ಇದು ಎಕ್ಸ್‌ರೇದಾಗ ಸರಿಯಾಗಿ ಕಾಣಂಗಿಲ್ಲ, ಬೆರಳು ಸೀದಾ ಚಾಚಿದಾಗಂತೂ ಎಲ್ಲಾ ಚೊಲೋನ ಕಾಣ್ತೈತಿ. ಬಾಗಿದ ಎಲುಬನ್ನ ಸ್ವಲ್ಪಮಟ್ಟಿಗೆ ದೇಹ ತಡಕೋತೈತಿ, ತಿರಗಿದ್ದನ್ನ ತಡಕೊಳ್ಳಂಗಿಲ್ಲ, ಸಣ್ಣ ಮಕ್ಕಳ ಕೈಯಾಗೂ ಅದು ತಾನಾಗೇ ಸರಿ ಆಗಂಗಿಲ್ಲ. ಪ್ಲಾಸ್ಟರ್ ಹಾಕೋ ಮೊದಲ ಡಾಕ್ಟರಿಗೆ "ಬೆರಳು ತಿರಗೈತೇನ್ ನೋಡ್ರಿ ಸರ್" ಅಂತ ಕೇಳ್ರಿ, ಅವರು ಬ್ಯಾಸರ ಮಾಡ್ಕೊಳ್ಳಂಗಿಲ್ಲ.

4. ಚಿಕಿತ್ಸೆ ಯಾವ ಯಾವ ಥರಾ ಇರ್ತೈತಿ

ಸರದಿಲ್ಲ, ತಿರಗಿಲ್ಲ, ಬರೇ ಸೀಳು ಬಿಟ್ಟೈತಿ ಅಂದ್ರ ಬಾಜೂ ಬೆರಳಿಗೆ ಸೇರಿಸಿ ಟೇಪ್ ಹಾಕೋದು ಸಾಕಾಗಬಹುದು. ಇದಕ್ಕ ಬಡ್ಡಿ ಸ್ಟ್ರಾಪಿಂಗ್ ಅಂತಾರ, ಚೊಲೊ ಬೆರಳು ಮುರದ ಬೆರಳಿಗೆ ಆಸರಾಗಿ ನಿಂತು ಜೋಡೀಲೆ ಆಡ್ತಾವ. ಎರಡರ ನಡುವ ಹತ್ತಿ ಇಡ್ರಿ, ಇಲ್ಲಾಂದ್ರ ಬೆವತು ಚರ್ಮ ಸುಲೀತೈತಿ. ಟೇಪ್ ಗೆಣ್ಣಿನ ಮ್ಯಾಲೆ ಬರಬಾರದು, ಗೆಣ್ಣುಗಳ ನಡುವ ಬರಬೇಕು. ಸಿಟ್ಟಿನ್ಯಾಗ ಗ್ವಾಡಿಗೆ ಗುದ್ದಿದಾಗ ಕಿರಿಬೆರಳಿನ ಕೆಳಗಿನ ಅಂಗೈ ಎಲುಬು ಕುತ್ತಿಗಿ ಹತ್ರ ಮುರೀತೈತಲ್ಲ, ಬಾಕ್ಸರ್ ಫ್ರಾಕ್ಚರ್ ಅಂತಾರ, ಅದರಾಗೂ ಭಾಳ ಮಂದಿಗೆ ಇಷ್ಟರಾಗ ಇಲ್ಲಾ 3-4 ವಾರದ ಪಟ್ಟಿಯಾಗ ಆರಾಮ ಆಗ್ತೈತಿ. ಗುಬಟಿ ಸ್ವಲ್ಪ ಒಳಗ ಹೋದಂಗ ಕಾಣ್ತೈತಿ, ಅದರಿಂದ ಕೆಲಸಕ್ಕೇನೂ ಅಡ್ಡಿ ಇಲ್ಲ.

ಇದಕ್ಕಿಂತ ಸ್ವಲ್ಪ ಹೆಚ್ಚಿದ್ರ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್) ಇಲ್ಲಾ ಪೂರ್ತಿ ಪ್ಲಾಸ್ಟರ್. ಮೊದಲ ಕೆಲವು ದಿನ ಬಾವು ಏರ್ತಿರ್ತೈತಿ, ಅದಕ ಅರ್ಧ ಪ್ಲಾಸ್ಟರ್ ಹಾಕಿ ಆಮ್ಯಾಲೆ ಪೂರ್ತಿ ಮಾಡ್ತಾರ, "ಎರಡು ಸಲ ರೊಕ್ಕ ತಗೊಂಡ್ರು" ಅನ್ನಬ್ಯಾಡ್ರಿ. ಕೈ ಇಡೋ ಭಂಗಿ ಇಲ್ಲಿ ಭಾಳ ಮುಖ್ಯ. ಮಣಿಕಟ್ಟು ಸ್ವಲ್ಪ ಹಿಂದಕ, ಅಂಗೈ ಹತ್ರದ ಗೆಣ್ಣು 70ರಿಂದ 90 ಡಿಗ್ರಿ ಮಡಚಿ, ಮುಂದಿನ ಎರಡು ಗೆಣ್ಣು ಸೀದಾ. ನೋಡಾಕ ವಿಚಿತ್ರ ಕಾಣ್ತೈತಿ ಆದ್ರ ಗೆಣ್ಣಿನ ಬಾಜೂಕ ಎಲುಬಿಗೆ ಎಲುಬು ಹಿಡದಿಡೋ ಕಟ್ಟುಗಳು (ಲಿಗಮೆಂಟ್) ಈ ಭಂಗಿಯಾಗ ಜಗ್ಗಿಕೊಂಡು ಇರ್ತಾವ, ಸೀದಾ ಇಟ್ರ ಅವು ಕುಗ್ಗಿ ಆಮ್ಯಾಲೆ ಬೆರಳು ಮಡಚಾಕ ಬಿಡಂಗಿಲ್ಲ.

ಬೆರಳ ತುದಿ ಜೋತು ಬಿದ್ದಿದ್ರ (ಮ್ಯಾಲೆಟ್ ಫಿಂಗರ್, ಕ್ರಿಕೆಟ್ ಬಾಲ್ ತುದಿಗೆ ಬಡದಾಗ ಆಗ್ತೈತಿ) ತುದಿ ಸೀದಾ ಹಿಡಿಯೋ ಸಣ್ಣ ಪಟ್ಟಿ 6-8 ವಾರ ಹಗಲು ರಾತ್ರಿ ಇರಬೇಕು. ತೊಳಿಯಾಕ ತೆಗದಾಗ ಸೈತ ತುದಿ ಟೇಬಲ್ ಮ್ಯಾಲೆ ಒತ್ತಿ ಹಿಡೀಬೇಕು, ಒಂದ ಸಲ ಜೋತು ಬಿದ್ರ ಲೆಕ್ಕ ಮತ್ತ ಮೊದಲಿನಿಂದ.

ಎಲುಬು ಸರದಿದ್ರ ಆ ಜಾಗಾಕ್ಕ ಜೋಮು ಬರೋ ಇಂಜೆಕ್ಷನ್ ಕೊಟ್ಟು ಹೊರಗಿನಿಂದ ಜಗ್ಗಿ ಕೂಡಸ್ತಾರ. ಕೂತ್ರ ಪ್ಲಾಸ್ಟರ್. ಕೂತು ಮತ್ತ ಜಾರೋ ಥರದ್ದಿದ್ರ ಕೆ-ವೈರ್, ಅಂದ್ರ ಸಣ್ಣ ಸ್ಟೀಲ್ ತಂತಿ, ಚರ್ಮದ ಮ್ಯಾಲಿಂದ ತೂರಿಸಿ ಎಲುಬು ಹಿಡಸ್ತಾರ. ದೊಡ್ಡ ಕೊಯ್ತ ಇರಂಗಿಲ್ಲ, ತುದಿ ಹೊರಗ ಕಾಣ್ತಿರ್ತೈತಿ, 3ರಿಂದ 6 ವಾರಕ್ಕ ಹೊರರೋಗಿ ವಿಭಾಗದಾಗನ ಜಗ್ಗಿ ತಗೀತಾರ. ಹೆಬ್ಬೆರಳಿನ ಬುಡದ ಕೀಲಿಗೆ ಸೇರಿ ಮುರದ್ರ (ಬೆನೆಟ್ ಫ್ರಾಕ್ಚರ್) ಸ್ನಾಯು ಎಲುಬನ್ನ ಜಗ್ಗತಾನ ಇರ್ತೈತಿ, ಬರೇ ಪ್ಲಾಸ್ಟರ್ ಹಿಡಿಯಂಗಿಲ್ಲ, ಸಾಮಾನ್ಯವಾಗಿ ತಂತಿ ಇಲ್ಲಾ ಸ್ಕ್ರೂ ಬೇಕಾಗ್ತೈತಿ.

ಕೊಯ್ದು ಪ್ಲೇಟ್, ಸ್ಕ್ರೂ ಹಾಕೋದು ಯಾವಾಗಂದ್ರ ಎಲುಬು ತಿರಗಿ ಸರಿ ಕೂಡದಿದ್ರ, ಕೀಲಿನೊಳಗ ಮುರದು ಮೆಟ್ಟಲದಂಗ ಆಗಿದ್ರ, ಒಂದಕ್ಕಿಂತ ಹೆಚ್ಚು ಅಂಗೈ ಎಲುಬು ಮುರದಿದ್ರ. ಇದರ ದೊಡ್ಡ ಲಾಭ ಬೆರಳು ಕೆಲವು ದಿನದಾಗ ಆಡಸಾಕ ಚಾಲೂ ಮಾಡಬಹುದು. ನಷ್ಟ ಅಂದ್ರ ಕೊಯ್ದ ಜಾಗಾದಾಗ ಬೆರಳು ಎಳಿಯೋ ಸ್ನಾಯುದಾರ (ಟೆಂಡನ್) ಎಲುಬಿಗೆ ಅಂಟಬಹುದು. ಅದಕ ಆಪರೇಷನ್ ಅಂದ್ರ ಚೊಲೊ ಚಿಕಿತ್ಸೆ, ಪ್ಲಾಸ್ಟರ್ ಅಂದ್ರ ಕಮ್ಮಿ ಚಿಕಿತ್ಸೆ ಅಂತ ತಿಳ್ಕೋಬ್ಯಾಡ್ರಿ. ಪ್ಲಾಸ್ಟರಿನ್ಯಾಗ ಆಗೋದನ್ನ ಕೊಯ್ಸಿಕೊಳ್ಳೋದೂ ತಪ್ಪು, ಕೊಯ್ಯಬೇಕಾದ್ದನ್ನ ಹೆದರಿ ಮುಂದ ಹಾಕೋದೂ ತಪ್ಪು.

ಮಷೀನಿನ್ಯಾಗ ಸಿಕ್ಕು ಎಲುಬು ಪುಡಿಪುಡಿ ಆಗಿ ಗಾಯಾನೂ ಇದ್ರ ಹೊರಗಿನಿಂದ ಚೌಕಟ್ಟು (ಎಕ್ಸ್‌ಟರ್ನಲ್ ಫಿಕ್ಸೇಟರ್) ಹಾಕ್ತಾರ, ಗಾಯ ಮಾಯೋತನ.

ವಯಸ್ಸಾದ ಅವ್ವಂದಿರು ಬಚ್ಚಲದಾಗ ಜಾರಿ ಕೈ ಊರಿದಾಗ ಮುರಿಯೋದು ಬಹಳಷ್ಟು ಸಲ ಮಣಿಕಟ್ಟಿನ ಮ್ಯಾಲಿನ ಮುಂಗೈ ಎಲುಬು. ಅದಕ್ಕ ಸುಮಾರು 5-6 ವಾರ ಪ್ಲಾಸ್ಟರ್ ಇಲ್ಲಾ ಪ್ಲೇಟ್. ಮುಟ್ಟು ನಿಂತ ಮ್ಯಾಲೆ ಎಲುಬು ಪೊಳ್ಳಾಗಿರ್ತಾವ, ಸಾಂದ್ರತೆ ಪರೀಕ್ಷೆ ಬೇಕೇನಂತ ಜೋಡೀಲೆ ಕೇಳ್ರಿ, ಮುಂದಿನ ಸಲ ಬಿದ್ರ ತೊಡಿ ಎಲುಬು ಮುರೀಬಾರದು.

5. ಊರಾಗ ಪಟ್ಟಿ ಕಟ್ಟಿಸೋದು

ಇದನ್ನ ಬರದ್ರ ಕೆಲವರು ಸಿಟ್ಟಾಗ್ತೀರಿ ಆದ್ರೂ ಬರೀಬೇಕು. ಪಟ್ಟಿ ಕಟ್ಟೋ ಹಿರಿಯರ ಮ್ಯಾಲೆ ನನಗ ಅಗೌರವ ಇಲ್ಲ, ಸರೀದ ಇದ್ದ ಎಲುಬು ಎದರಾಗರ ಕೂಡ್ತೈತಿ. ಆದ್ರ ಎಕ್ಸ್‌ರೇ ಇಲ್ಲದ ಕೀಲಿನೊಳಗಿನ ಸೀಳು ಯಾರ ಕಣ್ಣಿಗೂ ಕಾಣಂಗಿಲ್ಲ, ಮತ್ತ ಬಿದಿರು ಸೀಳು ಇಟ್ಟು ಬಿಗಿ ಕಟ್ಟಿದ್ರ ಒಳಗ ಬಾವು ಏರಿ ರಕ್ತ ನಿಲ್ತೈತಿ. ಪಟ್ಟಿ ಎಲ್ಲೇ ಹಾಕಿಸಿರ್ರಿ, ದವಾಖಾನಿ ಪ್ಲಾಸ್ಟರ್ ಆದ್ರೂ ಅಷ್ಟ, ಬ್ಯಾನಿ ತಾಸಿಗೊಮ್ಮೆ ಏರಾಕತ್ರ, ಗುಳಿಗಿಗೂ ಬಗ್ಗದಿದ್ರ, ಬೆರಳು ಬ್ಯಾರೆಯವರು ಸೀದಾ ಮಾಡಿದಾಗ ಜೀವ ಹೋದಂಗ ಆದ್ರ, ಜೋಮು ಹಿಡದ್ರ ತಕ್ಷಣ ಸಡ್ಲು ಮಾಡಿಸ್ರಿ. ಇದು ಬರೇ ತಾಸುಗಳ ಲೆಕ್ಕ, ತಡಾ ಆದ್ರ ಸ್ನಾಯು ಸತ್ತು ಕೈ ಕೊಕ್ಕಿಯಂಗ ಆಗಿ ಉಳೀತೈತಿ, ಕೆಲವೊಮ್ಮೆ ಕೈನ ಕತ್ತರಿಸೋ ಪಾಳಿ ಬರ್ತೈತಿ.

ಮತ್ತ ದಿನದ ಲೆಕ್ಕಾನೂ ಐತಿ. ಸರದ ಎಲುಬು ಮೊದಲ 7-10 ದಿನದಾಗ ಸಲೀಸಾಗಿ ಕೂಡಸಬಹುದು, ಮೂರು ವಾರ ಆದ್ರ ಸೊಟ್ಟನ ಅಂಟಿರ್ತೈತಿ, ಆಮ್ಯಾಲೆ ಮತ್ತ ಮುರದು ಕೂಡಿಸೋ ಆಪರೇಷನ್. ಮಕ್ಕಳದು ಇನ್ನೂ ಲಗೂ ಅಂಟ್ತೈತಿ, ಅವರ ಎಲುಬಿನ ತುದಿಗೆ ಬೆಳಿಯೋ ಪಟ್ಟಿ (ಗ್ರೋತ್ ಪ್ಲೇಟ್) ಇರ್ತೈತಿ, ಅಲ್ಲಿ ಪೆಟ್ಟಾಗಿದ್ರ ಒಂದು ವಾರಾನೂ ಕಾಯಬ್ಯಾಡ್ರಿ.

6. ರೊಕ್ಕ ಮತ್ತ ಕಾಗದ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನ್ಯಾಗ ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷತನ, ಎಪಿಎಲ್ ಇದ್ರ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕ 1.5 ಲಕ್ಷದ ಮಿತಿಯೊಳಗ ಸಿಗ್ತೈತಿ. ರೇಷನ್ ಕಾರ್ಡ್, ಆಧಾರ್ ಎರಡೂ ಒಯ್ರಿ. ಎಲ್ಲರೂ ಎಡವೋ ಜಾಗಾ ರೆಫರಲ್ ಚೀಟಿ: ತುರ್ತು ಇಲ್ಲದಿದ್ರ ಮೊದಲು ಸರಕಾರಿ ಆಸ್ಪತ್ರಿಗೆ ಹೋಗ್ಬೇಕು, ಅಲ್ಲಿ ಆಗದಿದ್ರ ಅವರು ಬರದುಕೊಡ್ತಾರ. ಸೀದಾ ಖಾಸಗಿ ದವಾಖಾನಿಗೆ ಹೋಗಿ ಆಪರೇಷನ್ ಮುಗಿಸಿ ಆಮ್ಯಾಲೆ ಕಾರ್ಡ್ ತೋರಿಸಿದ್ರ ನಡಿಯಂಗಿಲ್ಲ. ಅಡ್ಮಿಟ್ ಆಗೋ ಮೊದಲ ಅಲ್ಲಿನ ಆರೋಗ್ಯಮಿತ್ರರನ್ನ (ಯೋಜನೆ ಕೆಲಸ ನೋಡ್ಕೊಳ್ಳೋರು) ಭೆಟ್ಟಿ ಆಗಿ ನಿಮ್ಮ ಆಪರೇಷನ್ ಯೋಜನ್ಯಾಗ ಬರ್ತೈತೇನ್ ಕೇಳ್ರಿ.

ಆಪರೇಷನ್‌ಗೆ ಪೂರ್ತಿ ಪ್ರಜ್ಞೆ ತಪ್ಪಸ್ತಾರ ಅಂತ ಹೆದರಬ್ಯಾಡ್ರಿ. ಭಾಳಷ್ಟು ಕೈ ಆಪರೇಷನ್ ಬೆರಳಿಗೆ, ಮಣಿಕಟ್ಟಿಗೆ ಇಲ್ಲಾ ಕಂಕುಳ ಹತ್ರ ಇಂಜೆಕ್ಷನ್ ಕೊಟ್ಟು ಮಾಡ್ತಾರ, ನೀವು ಎಚ್ಚರ ಇರ್ತೀರಿ. ಎಷ್ಟು ತಾಸು ಉಪವಾಸ ಇರಬೇಕಂತ ಹಿಂದಿನ ದಿನಾನ ಕೇಳ್ಕೋರಿ, ಶುಗರ್ ಗುಳಿಗಿ, ರಕ್ತ ತಿಳಿ ಮಾಡೋ ಗುಳಿಗಿ ತಗೊಳ್ಳೋರು ಅದನ್ನ ಮುಚ್ಚಿಡಬ್ಯಾಡ್ರಿ.

7. ಪ್ಲಾಸ್ಟರ್ ಇದ್ದಾಗ ಮನ್ಯಾಗ

ಮೊದಲ 3-4 ದಿನ ಕೈ ಎದಿಗಿಂತ ಮ್ಯಾಲೆ, ಮಲಗಿದಾಗ ಎರಡು ತಲಿದಿಂಬಿನ ಮ್ಯಾಲೆ. ಕೊರಳಿಗೆ ಜೋಳಿಗಿ ಹಾಕ್ಕೊಂಡು ದಿನಪೂರ್ತಿ ಕೈ ಇಳಿಬಿಟ್ಕೊಂಡು ಕುಂದ್ರಬ್ಯಾಡ್ರಿ, ಭುಜ ಬಿಗೀತೈತಿ, ದಿನಕ್ಕ ನಾಕೈದು ಸಲ ಕೈ ತಲಿ ಮ್ಯಾಲೆ ಎತ್ರಿ, ಮೊಣಕೈ ಆಡಸ್ರಿ. ಪ್ಲಾಸ್ಟರಿನ ಹೊರಗಿರೋ ಬೆರಳು ಮೊದಲ ದಿನದಿಂದನ ಆಡಬೇಕು. ಕಟ್ಟದ ಬೆರಳನ್ನೂ ಹೆದರಿ ಸುಮ್ಮನ ಇಟ್ಟಿರ್ತೀರಿ, ಆರು ವಾರಕ್ಕ ಮುರದ ಒಂದರ ಬದಲಿ ಐದೂ ಬಿಗಿದಿರ್ತಾವ.

ನೀರು ತಾಗಸಬ್ಯಾಡ್ರಿ, ಒಳಗ ಕಡದ್ರ ಕಡ್ಡಿ ತೂರಸಬ್ಯಾಡ್ರಿ. ತಂತಿ ಹಾಕಿದ್ರ ಬುಡದಾಗ ಕೆಂಪಾಗಿ ಕೀವು ಬಂದ್ರ, ತಂತಿ ಸಡ್ಲಾದ್ರ ಅವತ್ತ ಹೋಗಿ ತೋರಿಸ್ರಿ. ಬೀಡಿ ಸಿಗರೇಟು ಬಿಡ್ರಿ, ನಿಕೋಟಿನ್ ಸಣ್ಣ ರಕ್ತನಾಳ ಸಂಕುಚಿಸಿ ಎಲುಬು ಕೂಡೋದನ್ನ ತಡಾ ಮಾಡ್ತೈತಿ. ಗುಟಕಾ, ತಂಬಾಕದಾಗೂ ಅದ ನಿಕೋಟಿನ್ ಐತಿ.

8. ಬಿಚ್ಚಿದ ಮ್ಯಾಲೆ, ಅಂದ್ರ ಅಸಲಿ ಕೆಲಸ

ಪಟ್ಟಿ ಇಲ್ಲಾ ಪ್ಲಾಸ್ಟರ್ ಬೆರಳಿನ ಎಲುಬಿಗೆ ಸಾಮಾನ್ಯವಾಗಿ 3-4 ವಾರ, ಅಂಗೈ ಎಲುಬಿಗೆ 4-6 ವಾರ, ಸ್ಕೇಫಾಯ್ಡ್‌ಗೆ 6ರಿಂದ 12 ವಾರ, ಇನ್ನೂ ಹೆಚ್ಚೂ ಆಗಬಹುದು. ಬೆರಳಿನ ಪಟ್ಟಿ ಬಿಚ್ಚಾಕ ಹೇಳಿದ ದಿನ ಬಿಚ್ಚಿಸ್ರಿ. "ಇನ್ನೊಂದು ವಾರ ಇರ್ಲಿ, ಗಟ್ಟಿ ಆಗ್ಲಿ" ಅಂತ ನೀವ ಮುಂದ ಹಾಕಿದ್ರ ಗಟ್ಟಿ ಆಗೋದು ಗೆಣ್ಣು, ಅದರಾಗೂ ನಡುವಿನ ಗೆಣ್ಣು ಭಾಳ ಲಗೂ ಬಿಗೀತೈತಿ. ಬೆರಳಿನ ಎಲುಬು ಎಕ್ಸ್‌ರೇದಾಗ ಪೂರ್ತಿ ಕೂಡಿದ್ದು ಕಾಣಾಕ ತಿಂಗಳುಗಳು ಹಿಡೀತಾವ, ಡಾಕ್ಟರು ಮುಟ್ಟಿ ನೋಡಿ ಬ್ಯಾನಿ ಇಲ್ಲಂದ್ರ ಆಡಸಾಕ ಹೇಳ್ತಾರ. ಅವರು ಆಡಸ್ರಿ ಅಂದ ಮ್ಯಾಲೆ ಮಾಡೋದು ಇಷ್ಟು:

ಉಗುರುಬೆಚ್ಚಗಿನ ನೀರಿನ್ಯಾಗ 10 ನಿಮಿಷ ಕೈ ಇಡ್ರಿ (ತಂತಿ ತೆಗದ ಗಾಯ ಮಾದ ಮ್ಯಾಲೆ). ಆಮ್ಯಾಲೆ ಬೆರಳು ಪೂರ್ತಿ ಚಾಚೋದು, ಮುಂದಿನ ಎರಡು ಗೆಣ್ಣಷ್ಟ ಮಡಚಿ ಕೊಕ್ಕಿ ಮಾಡೋದು, ಮತ್ತ ಪೂರ್ತಿ ಮುಷ್ಟಿ. ಒಂದು ಸಲಕ್ಕ ಹತ್ತು, ಎಚ್ಚರ ಇದ್ದಾಗ ತಾಸಿಗೊಮ್ಮೆ. ದಿನಕ್ಕ ಒಂದ ಸಲ ಅರ್ಧ ತಾಸು ಜೋರು ಮಾಡೋದಕ್ಕಿಂತ ಇದು ಚೊಲೊ. ಬ್ಯಾರೆಯವರ ಕಡೆಯಿಂದ ಜಬರದಸ್ತಿ ಮಡಚಿಸಿಕೊಳ್ಳಬ್ಯಾಡ್ರಿ, ಬಾವು ಬಂದು ಮತ್ತ ಬಿಗೀತೈತಿ. ಮರುದಿನ ಬಾವು ಹೆಚ್ಚಾದ್ರ ಸ್ವಲ್ಪ ಕಮ್ಮಿ ಮಾಡ್ರಿ, ಪೂರ್ತಿ ನಿಲ್ಲಸಬ್ಯಾಡ್ರಿ.

ಹೆಣ್ಮಕ್ಕಳು ರೊಟ್ಟಿ ಯಾವಾಗ ಅಂತ ಕೇಳ್ತೀರಿ. ಮೊದಲು ಮೆತ್ತಗಿನ ಹಿಟ್ಟು ಮುಷ್ಟಿಯಾಗ ಹಿಚುಕೋದು, ಅದು ಬ್ಯಾನಿ ಇಲ್ಲದ ಆದ್ರ ಜೋಳದ ಹಿಟ್ಟು ನಾದೋದು, ಬಡಿಯೋದು ಎಲ್ಲಾದರ ಕಡೀಕ, ಯಾಕಂದ್ರ ಬಡಿಯೋ ಪೆಟ್ಟು ಸೀದಾ ಅಂಗೈ ಎಲುಬಿಗೆ ಬೀಳ್ತೈತಿ. ಬೈಕ್ ಹೊಡಿಯೋರು ಬ್ರೇಕ್ ಗಟ್ಟಿ ಹಿಡದು ಪಟ್ಟಂತ ಬಿಡಾಕ ಬರ್ತೈತೇನ್ ನಿಂತ ಗಾಡಿ ಮ್ಯಾಲೆ ನೋಡ್ರಿ. ಕಬ್ಬು ಕಟಾವು, ಹಮಾಲಿ, ಮಗ್ಗದ ಕೆಲಸ, ಕುಸ್ತಿ ಇವಕ್ಕ ಡಾಕ್ಟರು ಸಾಮಾನ್ಯವಾಗಿ 10-12 ವಾರ ಹೇಳ್ತಾರ. ದಿನಗೂಲಿ ಹೋಗ್ತೈತಿ ಅನ್ನೋ ಸಂಕಟ ನನಗ ಗೊತ್ತೈತಿ, ಆದ್ರ ಆರನೇ ವಾರಕ್ಕ ಕುಡಗೋಲು ಹಿಡದು ತಂತಿ ತೆಗದ ಎಲುಬು ಮತ್ತ ಮುರಕೊಂಡು ಬಂದವರ ಕೂಲಿ ಅದಕ್ಕಿಂತ ಎರಡು ಪಟ್ಟು ಹೋಗೈತಿ.

ತಂತಿ ತೆಗಸಲೇಬೇಕು. ಪ್ಲೇಟ್ ಸ್ಕ್ರೂ ಚುಚ್ಚದಿದ್ರ, ಬೆರಳಿಗೆ ಅಡ್ಡ ಬರದಿದ್ರ ಹಂಗ ಬಿಡಬಹುದು, ತೆಗಸಲೇಬೇಕಂತಿಲ್ಲ. ಚಳಿಗಾಲದಾಗ ಜಾಗಾ ಸೆಳಿಯೋದು, ಗೆಣ್ಣು ದಪ್ಪ ಕಾಣೋದು ಎಷ್ಟೋ ತಿಂಗಳು, ಕೆಲವರಿಗೆ ವರ್ಷತನ ಇರ್ತೈತಿ, ಅದಕ್ಕ ಹೆದರಬ್ಯಾಡ್ರಿ. ಆ ಮೊದಲ ತಾಸಿನ್ಯಾಗ ತೆಗದಿಟ್ಟ ಉಂಗುರ ಈಗ ಹಿಡೀದಿದ್ರ ಜಗ್ಗಿ ಹಾಕ್ಕೋಬ್ಯಾಡ್ರಿ, ಬಾವು ಪೂರ್ತಿ ಇಳಿಯೋತನ ಕಾದು ಪತ್ತಾರನ ಕಡೆ ಒಯ್ದು ಹೊಸ ಅಳತಿಗೆ ಮಾಡಿಸ್ಕೋರಿ.